ಬುಧವಾರದ ಅನ್ನ

ಎರಡು ವರ್ಷದ ಕೆಲಸವೆಂದು ನಾನು ಆ ಊರಿಗೆ ಹೋದೆ. ಬಸ್ಸು ಗಟ್ಟಿ ನೆಲದ ಕೊನೆಯಲ್ಲಿ ನಿಂತಿತು. ಎದುರಿಗೇ ಊರಿತ್ತು, ಆದರೆ ನಮ್ಮ ತಲೆಗಿಂತ ಮೇಲಿತ್ತು. ಹೆಂಚಿನ ಮನೆಗಳು, ತೆಂಗಿನ ಮರಗಳು, ಐಸ್ ಫ್ಯಾಕ್ಟರಿಯ ತಗಡಿನ ಮಾಡು, ಇಗರ್ಜಿಯ ಶಿಲುಬೆ, ಮಸೀದಿಯ ಮಿನಾರು ಎಲ್ಲವೂ ಆಳೆತ್ತರದ ಕಪ್ಪು ಕೆಸರಿನ ಅಂಚಿನ ಮೇಲೆ ಕೂತು ಸಣ್ಣಗೆ ಅಲುಗುತ್ತಿದ್ದವು. ಊರು ಎದ್ದಿದೆ, ಕೂರುವುದಕ್ಕೆ ಇನ್ನೂ ಹೊತ್ತಿದೆ ಎಂದು ಹೇಳಿ ಕಂಡಕ್ಟರು ಟಿಕೆಟ್ ಚೀಲವನ್ನು ತಲೆಯಡಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಮಲಗಿದ. ಉಳಿದವರು ಮೋರಿಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸಿ ತಿಂದರು. ಉಬ್ಬರ ಇಳಿಯತೊಡಗಿತು. ಎತ್ತು ಮುಂಗಾಲು ಮಡಿಸಿ ಮಲಗುವ ಹಾಗೆ ಊರು ಮೆಲ್ಲನೆ ಕೆಳಗೆ ಬಂತು. ಅಂಚು ರಸ್ತೆಗೆ ಸಮನಾದ ಮೇಲೆ ಯಾರೋ ಒಂದು ಹಲಗೆ ಹಾಸಿದರು. ನಾವು ದಾಟಿ ಹೋದೆವು.

ಮೊದಲ ವಾರವೆಲ್ಲ ವಾಂತಿ. ಐಸ್ ಫ್ಯಾಕ್ಟರಿಯ ಮೇಲಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದ ಕಾರ್ಮಿನ ಬಾಯಿ ದಿನಾ ಬಂದು ಲಿಂಬೆ ಉಪ್ಪಿನಕಾಯಿ ನೆಕ್ಕಿಸಿ, ಊರು ಏಳುವಾಗ ಕಿಟಕಿಯಾಚೆ ನೋಡಬೇಡಿ, ನಿಮ್ಮ ಕಾಲ ಹೆಬ್ಬೆರಳು ನೋಡುತ್ತಿರಿ ಎಂದು ಹೇಳಿಹೋಗುತ್ತಿದ್ದರು. ಆಮೇಲೆ ರೂಢಿಯಾಯಿತು. ಅಲ್ಲಿನವರು ಕೊಡಪಾನವನ್ನು ಕಂಠದವರೆಗೆ ತುಂಬುವುದಿಲ್ಲ. ಗಂಟು ಬಿಗಿಯದೆ ಯಾವ ಕಪಾಟಿನ ಬಾಗಿಲನ್ನೂ ಬಿಡುವುದಿಲ್ಲ. ಊರು ಏಳುತ್ತಿದ್ದರೆ ಕ್ಷೌರದಂಗಡಿಯವನು ಕತ್ತಿಯನ್ನು ಮಡಿಸಿಟ್ಟು, ನೊರೆ ಹಚ್ಚಿಕೊಂಡ ಗಿರಾಕಿಯ ಜೊತೆ ರಾಜಕೀಯ ಮಾತಾಡುತ್ತ ನಿಲ್ಲುತ್ತಾನೆ. ಪುರೋಹಿತರು ಮುಹೂರ್ತ ಹೇಳುವ ಮುಂಚೆ ಪಂಚಾಂಗದ ಜೊತೆ ಉಬ್ಬರದ ಲೆಕ್ಕವನ್ನೂ ನೋಡುತ್ತಾರೆ. ದಾರಿಯಲ್ಲಿ ಎದುರಾದವರು "ಎದ್ರಾ?" ಎಂದು ಕೇಳುತ್ತಾರೆ, ಚೆನ್ನಾಗಿದ್ದೀರಾ ಎಂಬ ಅರ್ಥದಲ್ಲಿ.

ಊರಿನ ಅಡಿಯಲ್ಲಿರುವುದು ಜೌಗು. ಕಾಂಡ್ಲ ಗಿಡಗಳ ಬೇರು, ಉಪ್ಪುನೀರಿನ ಹುಲ್ಲು, ಪ್ರತಿ ಮಳೆಗಾಲದಲ್ಲಿ ನದಿಯ ಕೆನ್ನೀರು ಬಿಟ್ಟುಹೋಗುವ ಮೆತ್ತನೆಯ ಮಣ್ಣು, ಇವು ಸೇರಿ ಹೆಣೆದುಕೊಂಡ ದಪ್ಪ ಚಾಪೆ ಅದು. ಅದು ಎತ್ತಿದಷ್ಟು ಊರು ಏಳುತ್ತದೆ. ಹಿಂದೆಲ್ಲ ಸಮುದ್ರ ಎಷ್ಟೇ ಉಬ್ಬಿದರೂ ಊರು ಅದಕ್ಕಿಂತ ಒಂದು ಗೇಣು ಮೇಲೆಯೇ ಇರುತ್ತಿತ್ತಂತೆ. ನಾನು ಹೋಗುವ ಹೊತ್ತಿಗೆ ಹಾಗಿರಲಿಲ್ಲ. ಸಮುದ್ರ ವರ್ಷದಿಂದ ವರ್ಷಕ್ಕೆ ಮೇಲೆ ಬರುತ್ತಿತ್ತು, ಊರು ಹಿಂದೆ ಬೀಳುತ್ತಿತ್ತು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರಗಳಲ್ಲಿ ಕೆಳಕೇರಿಯ ಹೊಸ್ತಿಲುಗಳನ್ನು ನೀರು ದಾಟುತ್ತಿತ್ತು. ಜನ ಅಕ್ಕಿ ಡಬ್ಬಿಗಳನ್ನು ಅಟ್ಟಕ್ಕೆ ಏರಿಸಿ, ಮಂಚದ ಮೇಲೆ ಕಾಲು ಮಡಿಸಿ ಕೂತು, ನೀರು ಇಳಿದ ಮೇಲೆ ಒಲೆಯ ಉಪ್ಪು ತೊಳೆಯುತ್ತಿದ್ದರು. ಮೀನುಗಾರರ ಸಂಘದ ಅಧ್ಯಕ್ಷ ಜಟ್ಟಪ್ಪಣ್ಣ ಹತ್ತಾರು ಕಡೆ ಓಡಾಡಿ ಕೇಳಿಕೊಂಡದ್ದರಿಂದ ದೂರದ ನಗರದ ಒಂದು ಸಂಶೋಧನಾ ಸಂಸ್ಥೆ ನನ್ನನ್ನು ಕಳಿಸಿತ್ತು. ಜೌಗು ಸಮುದ್ರದ ಜೊತೆ ಹೆಜ್ಜೆ ಹಾಕಬಲ್ಲದೇ, ಹಾಕಲಾರದಾದರೆ ಯಾಕೆ ಎಂದು ತಿಳಿಯುವುದು ನನ್ನ ಕೆಲಸ.

ನಾನು ಒಣನೆಲದವಳು. ಅಮ್ಮ ಶಾಲೆಯ ಟೀಚರು. ಮಣ್ಣು ಎಂದರೆ ಧೂಳು ಎಂದುಕೊಂಡು ಬೆಳೆದವಳು ಹೇಗೋ ಕೆಸರಿನ ವಿದ್ಯೆ ಕಲಿತಿದ್ದೆ. ಊರಿನವರು ನನ್ನನ್ನು ಮೊದಲ ದಿನದಿಂದಲೇ ಅಕ್ಕೋರು ಎಂದರು. ಅಲ್ಲಿ ಶಾಲೆ ಕಲಿಸುವ ಹೆಂಗಸರಿಗೆ ಹೇಳುವ ಮಾತದು. ನಾನು ಯಾರಿಗೂ ಏನೂ ಕಲಿಸುತ್ತಿರಲಿಲ್ಲ. ಬೆಳಿಗ್ಗೆ ಊರು ಕೂತ ಹೊತ್ತಿನಲ್ಲಿ ಹಲಗೆಗಳ ಮೇಲೆ ತೆವಳಿಕೊಂಡು ಜೌಗಿನೊಳಗೆ ಹೋಗಿ, ಅಲ್ಲಲ್ಲಿ ಚೌಕ ಗುರುತು ಮಾಡಿ, ಕೆಸರಿನ ಮೇಲೆ ಚಿಪ್ಪಿಸುಣ್ಣ ಹರಡಿ ಬರುತ್ತಿದ್ದೆ. ಮುಂದಿನ ವರ್ಷ ಅದೇ ಜಾಗದಲ್ಲಿ ಕೆಸರನ್ನು ಕೇಕಿನಂತೆ ಕತ್ತರಿಸಿ ತೆಗೆದರೆ ಒಳಗೆ ಒಂದು ಬಿಳಿ ಗೆರೆ ಕಾಣುತ್ತದೆ. ಆ ಗೆರೆಯ ಮೇಲಿರುವುದೆಲ್ಲ ಆ ವರ್ಷ ಬಂದ ಹೊಸ ಮಣ್ಣು. ಅದು ದಪ್ಪವಿದ್ದರೆ ಜೌಗು ಬೆಳೆಯುತ್ತಿದೆ, ತೆಳುವಿದ್ದರೆ ಸೊರಗುತ್ತಿದೆ.

ಎರಡನೆಯ ಮಳೆಗಾಲ ಮುಗಿಯುವ ಮೊದಲೇ ಸಂಸ್ಥೆಯಿಂದ ಫೋನು ಬಂತು. ನಮ್ಮ ನಿರ್ದೇಶಕರು ಒಳ್ಳೆಯವರು, ಬೇಜಾರಿನಿಂದಲೇ ಹೇಳಿದರು. ದುಡ್ಡು ಕೊಡುತ್ತಿದ್ದವರಿಗೆ ಈಗ ಕಲ್ಲಿನ ತಡೆಗೋಡೆಗಳ ಮೇಲೆ ಒಲವು, ಕೆಸರು ನಿಧಾನ, ಅದಕ್ಕೆ ಕಾಯುವವರಿಲ್ಲ, ವಾಪಸು ಬಂದುಬಿಡು. ಮರುದಿನ ಜೀಪು ಬಂದು ಉಪಕರಣಗಳ ಪೆಟ್ಟಿಗೆಗಳನ್ನು ತುಂಬಿಕೊಂಡು ಹೋಯಿತು. ನಾನು ಚೀಲ ಕಟ್ಟಿಟ್ಟು, ಹೇಳಿ ಹೋಗೋಣವೆಂದು ಸಂಘದ ಕಟ್ಟಡಕ್ಕೆ ಹೋದೆ.

ಜಟ್ಟಪ್ಪಣ್ಣ ಬಲೆ ಹೆಣೆಯುತ್ತ ಕೂತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಇನ್ನೂ ಎಷ್ಟು ಕಾಲ ಬೇಕಿತ್ತು ಎಂದು ಕೇಳಿದರು. ಕಡಿಮೆಯೆಂದರೂ ನಾಲ್ಕೈದು ಮಳೆಗಾಲ ನೋಡಬೇಕಿತ್ತು, ಒಂದೆರಡು ವರ್ಷದ ಮಣ್ಣನ್ನು ನಂಬಿ ಮಾತಾಡಲಾಗದು ಎಂದೆ. ಗೋಡೆ ಕಟ್ಟಿದರೆ ಆಗುವುದಿಲ್ಲವೇ ಎಂದರು. ಗೋಡೆ ಕಟ್ಟಿದರೆ ನೀರಿನ ಜೊತೆ ಮಣ್ಣೂ ನಿಲ್ಲುತ್ತದೆ, ಆಮೇಲೆ ಊರು ಏಳುವುದನ್ನೇ ಮರೆಯಬಹುದು, ಆದರೆ ಅದನ್ನೂ ಈಗ ಖಚಿತವಾಗಿ ಹೇಳಲಾರೆ ಎಂದೆ. ಅವರು ಬಲೆಗೆ ಇನ್ನೂ ನಾಲ್ಕು ಗಂಟು ಹಾಕಿದರು. ಆಮೇಲೆ ತಲೆಯೆತ್ತಿ ಕೇಳಿದರು:

"ಅಕ್ಕೋರೆ, ನೀವು ಒಂದು ಹೊತ್ತಿಗೆ ಎಷ್ಟು ಉಣ್ತ್ರಿ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರ ಅಪ್ಪ ಹುಡುಗನಾಗಿದ್ದಾಗ ಪಕ್ಕದ ಪೇಟೆಯಲ್ಲಿ ವಾರಾನ್ನ ಮಾಡಿಕೊಂಡು ಓದಿದ್ದರಂತೆ, ದಿನಕ್ಕೊಂದು ಮನೆಯಲ್ಲಿ ಉಂಡು. ಓದುವ ಮಕ್ಕಳಿಗೆ ಹಾಕುವ ಅನ್ನವನ್ನು ಊರಿಗಾಗಿ ಓದುವವರಿಗೆ ಹಾಕಲು ಆಗದೇ? ಕೋಣೆ ಹೇಗೂ ಇದೆ. ಸುಣ್ಣ ಸಂಘದ ಚಿಪ್ಪಿ ಸುಡುವ ಗೂಡಿನದು. ದೋಣಿ ಕಟ್ಟುವವರು ಬೇಕಾದ ಕೋಲು, ಹಲಗೆ ಮಾಡಿಕೊಡುತ್ತಾರೆ. "ಸಂಬಳ ಕೊಡೂಕೆ ನಮ್ಮ ಹತ್ರ ಆಗೂದಿಲ್ಲ. ಉಪಾಸ ಬೀಳೂಕೂ ಬಿಡೂದಿಲ್ಲ" ಎಂದರು.

ನಾನು ಆ ರಾತ್ರಿ ಅಮ್ಮನಿಗೆ ಫೋನು ಮಾಡಿ ಹೇಳಿದೆ. ಅಮ್ಮ, ಮುದುಡಿದ ಸೀರೆ ಉಟ್ಟುಕೊಂಡು ಹೋಗಬೇಡ ಯಾರ ಮನೆಗೂ ಎಂದಳು.

ಹೀಗೆ ನನ್ನ ವಾರ ಶುರುವಾಯಿತು. ಗುರುವಾರ ಕಾರ್ಮಿನ ಬಾಯಿಯ ಮನೆ. ಶುಕ್ರವಾರ ಬೀಫಾತಿಮಾರ ಮನೆಯಲ್ಲಿ ಒತ್ತು ಶ್ಯಾವಿಗೆ, ಗಂಡ ಹಡಗಿನಿಂದ ಬಂದಿದ್ದರೆ ಖರ್ಜೂರ. ಭಾನುವಾರ ಜಟ್ಟಪ್ಪಣ್ಣನ ಮನೆ. ಸೋಮವಾರದ ಮನೆಯವರು ಬಡವರು, ಮೀನು ಸಿಗದ ದಿನಗಳಲ್ಲಿ ಗಂಜಿ, ಸುಟ್ಟ ಮೆಣಸು ಇಡುತ್ತಿದ್ದರು. ಆದರೆ ನಾನು ಬರುವ ಮುಂಚೆ ಅಂಗಳ ಗುಡಿಸಿ ನೀರು ಚಿಮುಕಿಸಿರುತ್ತಿದ್ದರು. ಮಧ್ಯಾಹ್ನದ ಊಟದ ಜೊತೆ ರಾತ್ರಿಗೂ ಒಂದು ಡಬ್ಬಿ ತುಂಬಿ ಕೊಡುವುದು ಎಲ್ಲ ಮನೆಗಳ ಪದ್ಧತಿಯಾಯಿತು. ಇಷ್ಟು ವರ್ಷದ ಮೇಲೆ ಈ ಮಾತು ಬರೆಯುತ್ತ ಕೂತಾಗ ಒಂದೊಂದು ಮನೆಯ ಹುಳಿಯ ರುಚಿಯೂ ಬೇರೆ ಬೇರೆಯಾಗಿ ನೆನಪಿಗೆ ಬರುತ್ತದೆ. ನಾನು ಏನು ಕಂಡುಹಿಡಿಯುತ್ತೇನೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಂಡುಹಿಡಿಯುತ್ತೇನೋ ಇಲ್ಲವೋ ಎಂದೂ ಗೊತ್ತಿರಲಿಲ್ಲ. ಆದರೂ ಅನ್ನ ಹಾಕಿದರು.

ಆರು ಮನೆ ಸುಲಭವಾಗಿ ಸಿಕ್ಕಿದ್ದವು, ಬುಧವಾರಕ್ಕೆ ಯಾರೂ ಸಿಕ್ಕಿರಲಿಲ್ಲ. ಕೊನೆಗೆ ತಾವಾಗಿ ಮುಂದೆ ಬಂದವರು ಪರಮಯ್ಯ. ಅವರು ಊರಿನವರೇ ಅಲ್ಲ ಎನ್ನಬಹುದು. ಅವರ ಮನೆ ಊರಿನ ಮೂಡಣ ಅಂಚಿನಾಚೆ, ನದಿಯ ಪಕ್ಕದ ಗಟ್ಟಿ ನೆಲದ ಮೇಲಿತ್ತು. ಆ ನೆಲ ಏಳುವುದಿಲ್ಲ. ಮನೆಯ ಮುಂದೆ ಕಲ್ಲುಮಣ್ಣಿನ ಉದ್ದನೆಯ ಕಟ್ಟೆ, ಕಟ್ಟೆಯ ಮರೆಯಲ್ಲಿ ಅವರ ಗದ್ದೆ. ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. "ನಮ್ಮದು ಕೂತ ನೆಲ, ನಿಮ್ಮದು ಏಳೂ ನೆಲ. ಅನ್ನಕ್ಕೆ ಅದೆಲ್ಲ ಎಂತಕೆ?" ಎಂದು ಹೇಳಿ ಬುಧವಾರವನ್ನು ಒಪ್ಪಿಕೊಂಡಿದ್ದರಂತೆ. ಮಾತು ಕಡಿಮೆಯ ಮನುಷ್ಯ. ಹೆಂಡತಿ ಮಾಸ್ತಮ್ಮ ಇಬ್ಬರ ಮಾತನ್ನೂ ತಾವೇ ಆಡುತ್ತಿದ್ದರು. ಮಕ್ಕಳಿರಲಿಲ್ಲ. ಕೆಂಪಗಿನ ದಪ್ಪ ಅಕ್ಕಿಯ ಅನ್ನ, ಒಣಸಿಗಡಿ ಚಟ್ನಿ, ಮನೆಯ ಹಿತ್ತಿಲ ಬಸಳೆಯ ಸಾರು. ವಾರದಲ್ಲಿ ಅಲುಗದ ನೆಲದ ಮೇಲೆ ಕೂತು ನಾನು ಉಣ್ಣುತ್ತಿದ್ದದ್ದು ಅದೊಂದೇ ಊಟ. ಅದಕ್ಕೋ ಏನೋ, ಬುಧವಾರ ಬಂದರೆ ಹಸಿವು ಜಾಸ್ತಿಯಾಗುತ್ತಿತ್ತು. ಎರಡನೆಯ ಸಲ ಬಡಿಸುವಾಗ ಮಾಸ್ತಮ್ಮ ಕೇಳುತ್ತಿರಲಿಲ್ಲ, ಹಾಕಿಬಿಡುತ್ತಿದ್ದರು.

ನಾಲ್ಕನೆಯ ಮಳೆಗಾಲದ ನಂತರ ಬಿಳಿ ಗೆರೆಗಳು ಏನನ್ನೋ ಹೇಳತೊಡಗಿದವು. ಜೌಗಿನ ಎಲ್ಲ ಕಡೆ ಹೊಸ ಮಣ್ಣು ತೆಳುವಾಗಿತ್ತು, ಕೆಳಕೇರಿಯ ಅಡಿಯಲ್ಲಂತೂ ಇಲ್ಲವೇ ಇಲ್ಲ ಎನ್ನುವಷ್ಟು. ಆದರೆ ಪರಮಯ್ಯನವರ ಕಟ್ಟೆಯ ಬುಡದಲ್ಲಿ, ಏಡಿಗಳು ಬಿಲ ತೋಡಿ ನೀರು ಸೋರುವ ಒಂದು ಮೂಲೆಯಲ್ಲಿ, ಅಂಗೈ ದಪ್ಪ ಹೊಸ ಮಣ್ಣು ಕೂತಿತ್ತು. ಹಳೆಯ ನಕ್ಷೆಗಳನ್ನು ಕೇಳಿ ತರಿಸಿ ನೋಡಿದೆ. ಈಗ ಗದ್ದೆಯಿರುವ ಜಾಗದಲ್ಲಿ ಹಿಂದೆ ನದಿಯ ಒಂದು ಕವಲು ಹರಿಯುತ್ತಿತ್ತು. ಮಳೆಗಾಲದ ಕೆನ್ನೀರು ಆ ಕವಲಿನಿಂದ ಇಳಿದು ಜೌಗಿನ ತುಂಬ ಹರಡಿ, ಮಣ್ಣು ಬಿಟ್ಟು ಹೋಗುತ್ತಿತ್ತು. ಪರಮಯ್ಯನವರ ಅಜ್ಜ ಅದನ್ನು ಕಟ್ಟಿ ಗದ್ದೆ ಮಾಡಿದ್ದರು. ಆಗಿನಿಂದ ಕೆನ್ನೀರೆಲ್ಲ ನೆಟ್ಟಗೆ ಸಮುದ್ರಕ್ಕೆ ಹೋಗುತ್ತಿತ್ತು, ಊರಿನ ಪಾಲಿನ ಮಣ್ಣನ್ನು ಹೊತ್ತುಕೊಂಡು.

ಇನ್ನೊಂದು ಮಳೆಗಾಲ ಕಾದು ಮತ್ತೆ ಅಳೆದೆ. ಅದೇ ಉತ್ತರ ಬಂತು. ಜಟ್ಟಪ್ಪಣ್ಣನಿಗೆ ಹೇಳಿದೆ. ಅವರ ಮುಖ ಗಂಭೀರವಾಯಿತು. ಊರ ಸಭೆ ಕರೆದು ಅಲ್ಲೇ ಹೇಳಿಬಿಡುವುದು ಒಳ್ಳೆಯದು, ಒಬ್ಬರ ಮೇಲೆ ಭಾರ ಬೀಳುವುದಿಲ್ಲ ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಆ ಮನೆಯ ಅನ್ನ ಉಂಡವಳು ನಾನು. ಅವರ ಗದ್ದೆಯ ಮಾತು ಅವರಿಗೆ ಮೊದಲು ತಿಳಿಯಬೇಕು, ಅದೂ ನನ್ನ ಬಾಯಿಂದ.

ಆ ಬುಧವಾರ ಮಾಸ್ತಮ್ಮ ಎಲೆ ಹಾಕಿ ನೀರು ಇಟ್ಟಿದ್ದರು. ನಾನು ಕೂರಲಿಲ್ಲ. ಊಟವಾದ ಮೇಲೆ ಹೇಳಿದರೆ ಉಂಡು ಹೇಳಿದಂತಾಗುತ್ತದೆ, ಬಡಿಸುವುದೋ ಬಿಡುವುದೋ ಅವರಿಗೆ ಬಿಟ್ಟದ್ದಾಗಲಿ ಎಂದುಕೊಂಡು ನಿಂತೇ ಎಲ್ಲ ಹೇಳಿದೆ. ಕವಲು, ಕಟ್ಟೆ, ಮಣ್ಣು. ಕಟ್ಟೆಯಲ್ಲಿರುವ ನೀರಿನ ಬಾಗಿಲು ತೆಗೆದು ಕೆನ್ನೀರು ಬಿಟ್ಟರೆ ಜೌಗು ಮತ್ತೆ ಬೆಳೆಯಬಹುದು, ಗದ್ದೆ ಹೋಗುತ್ತದೆ ಎಂದೆ. ಪರಮಯ್ಯ ನನ್ನನ್ನು ನೋಡಲಿಲ್ಲ. ಹೆಗಲ ಮೇಲಿನ ಟವೆಲನ್ನು ತೆಗೆದು ಕೊಡವಿ, ಮತ್ತೆ ಹೆಗಲಿಗೆ ಹಾಕಿಕೊಂಡು, ಹೊರಗೆ ಹೋದರು. ನಾನು ಚಪ್ಪಲಿ ಹುಡುಕಿದೆ.

"ಎಲ್ಲಿಗೆ?" ಎಂದರು ಮಾಸ್ತಮ್ಮ. "ಹಾಕಿದ ಎಲೆ ಎತ್ತೂ ಪದ್ಧತಿ ನಮ್ಮಲ್ಲಿ ಇಲ್ಲ. ಕೂತ್ಕಣಿ."

ಅಂದು ಅವರು ಎರಡನೆಯ ಸಲವೂ ಬಡಿಸಿದರು. ನಾನು ಉಂಡೆ. ಹೇಗೆ ಉಂಡೆನೋ.

ಮುಂದಿನ ಬುಧವಾರ ನಾನು ಹೋಗಲಿಲ್ಲ. ಕೋಣೆಯಲ್ಲಿ ಅವಲಕ್ಕಿ ನೆನೆಹಾಕಿಕೊಂಡು ಕೂತಿದ್ದೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ಪರಮಯ್ಯ ಬಂದಿದ್ದರು. ಊರು ಆಗಷ್ಟೇ ಏಳತೊಡಗಿತ್ತು. ಅಲುಗುವ ನೆಲ ಅಭ್ಯಾಸವಿಲ್ಲದ ಅವರು ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದರು, ಮುಖ ಬಿಳಿಚಿತ್ತು.

"ಬುಧವಾರ ನಮ್ಮದು" ಎಂದರು. "ಕಟ್ಟೆ ಬಿಡೂದಿಲ್ಲ. ಅದು ಬೇರೆ ಮಾತು. ಅನ್ನ ಆರ್ತಾ ಅದೆ, ಬನ್ನಿ."

ಊರು ಕೂರುವವರೆಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾದೆವು. ಆಮೇಲೆ ಅವರ ಹಿಂದೆಯೇ ನಡೆದು ಹೋದೆ.

ಸಭೆ ಸೇರಿತು. ಕೆಳಕೇರಿಯ ಸಣ್ಣಿ ಮೊದಲು ಎದ್ದು ನಿಂತಳು. ಅವಳ ಮನೆಗೆ ಆ ತಿಂಗಳೇ ಎರಡು ಸಲ ನೀರು ನುಗ್ಗಿತ್ತು. ಒಬ್ಬರ ಮನೆಯ ಅಕ್ಕಿಗೋಸ್ಕರ ಇಡೀ ಕೇರಿ ಮುಳುಗಬೇಕೇ, ಬಾಗಿಲು ಅವರಾಗಿ ತೆಗೆಯದಿದ್ದರೆ ಹಾರೆ ನಮ್ಮಲ್ಲೂ ಇವೆ ಎಂದಳು. ಕೆಲವರು ಹೌದು ಎಂದರು. ಪರಮಯ್ಯ ಹಿಂದಿನ ಸಾಲಿನಿಂದ ಎದ್ದರು. ಅಷ್ಟು ಜನರ ಮುಂದೆ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಬರಗಾಲದಲ್ಲಿ ನಿಮ್ಮ ಅಜ್ಜಂದಿರು ಬಂದು ನಮ್ಮಜ್ಜನ ಕೈ ಹಿಡ್ಕಂಡ್ರು. ನಮಗೆ ಮೀನು ಅದೆ, ಅಕ್ಕಿ ಇಲ್ಲ, ಕವಲು ಕಟ್ಟಿ ಗದ್ದೆ ಮಾಡು ಅಂದ್ರು. ಅಂವ ಕಟ್ಟಿದ. ಕಟ್ಟೂದ್ರಲ್ಲೇ ಒಂದು ಕಾಲು ಹೋತು ಅವನದು. ಆ ಅಕ್ಕಿ ಯಾರು ಉಂಡ್ರು ಕೇಳ್ಕಣಿ ನಿಮ್ಮ ಮನೆಯ ಮುದುಕರ ಹತ್ರ."

ಅಷ್ಟು ಹೇಳಿ ಕೂತರು. ಸಣ್ಣಿಯ ಮುದಿ ಅತ್ತೆ, ಗೋಡೆಗೊರಗಿ ಕೂತಿದ್ದವರು, ಅದು ಸತ್ಯ ಎಂದು ಮೆಲ್ಲನೆ ಹೇಳಿದರು. ಜಟ್ಟಪ್ಪಣ್ಣ ಸಭೆ ಮುಗಿಸುವಾಗ, ನಾವು ಬೇಡಿ ಕಟ್ಟಿಸಿಕೊಂಡದ್ದನ್ನು ಹಾರೆ ಹಿಡಿದು ಒಡೆಯುವಂತಿಲ್ಲ, ಬೇಡಬಹುದು ಅಷ್ಟೇ ಎಂದರು. ಸಣ್ಣಿ ಅಳುತ್ತ ಮನೆಗೆ ಹೋದಳು. ಅವಳ ದುಃಖವೂ ಸುಳ್ಳಲ್ಲ. ಎರಡು ಕಡೆಯೂ ನೋಡುತ್ತ ನಡುವೆ ಕೂತವಳು ನಾನು.

ಒಂದು ವರ್ಷ ಹಾಗೆಯೇ ಹೋಯಿತು. ಪ್ರತಿ ಬುಧವಾರ ಆ ಮನೆಗೆ ಹೋದೆ. ಮಳೆ, ಮೀನಿನ ದರ, ಮಾಸ್ತಮ್ಮನ ಮಂಡಿನೋವು, ಎಲ್ಲದರ ಮಾತೂ ಬರುತ್ತಿತ್ತು. ಕಟ್ಟೆಯ ಮಾತು ಯಾರೂ ಎತ್ತುತ್ತಿರಲಿಲ್ಲ. ನನ್ನ ಎಲೆಯಲ್ಲಿ ಬಿದ್ದ ಅನ್ನ ಆ ಗದ್ದೆಯದು ಎಂಬುದು ಮೂವರಿಗೂ ಗೊತ್ತಿತ್ತು. ಆ ವರ್ಷವೊಂದರಲ್ಲಿ ಅವರು ನನ್ನ ಪಾಲಿಗೆ ಮಾಡಿದ್ದು ಉಳಿದ ಎಲ್ಲ ವರ್ಷಗಳಿಗಿಂತ ದೊಡ್ಡದು ಎಂದು ನಾನು ತಿಳಿದಿದ್ದೇನೆ. ತನಗೆ ಬೇಡದ ಉತ್ತರ ತಂದವಳಿಗೆ ಉಣ್ಣಿಸುವುದು ಸುಲಭವಲ್ಲ.

ಮೊದಲು ಕದಲಿದವರು ಮಾಸ್ತಮ್ಮ. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ, ನಾನು ಹಲಗೆ ಹೊತ್ತು ಜೌಗಿಗೆ ಹೊರಟಿದ್ದಾಗ, ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ದಾರಿಯಲ್ಲಿ ನಿಂತಿದ್ದರು. ಆ ಬಿಳಿ ಗೆರೆ ಎಂತದು, ನನಗೂ ತೋರಿಸಿ ಎಂದರು. ಮಂಡಿನೋವಿನ ಹೆಂಗಸು ಕೆಸರಿನಲ್ಲಿ ತೆವಳಿಕೊಂಡು ಬಂದರು. ಕೆಳಕೇರಿಯ ಅಡಿಯಲ್ಲಿ ಒಂದು ತುಂಡು ಕತ್ತರಿಸಿ ತೆಗೆದೆ. ಸುಣ್ಣದ ಗೆರೆಯ ಮೇಲೆ ಉಗುರಿನಷ್ಟು ಮಣ್ಣಿತ್ತು. ಅವರು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಅವರದೇ ಕಟ್ಟೆಯ ಏಡಿ ಬಿಲದ ಮೂಲೆಗೆ ಹೋಗಿ ಇನ್ನೊಂದು ತುಂಡು ತೆಗೆದೆವು. ಎರಡನ್ನೂ ಬಾಳೆಲೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದರು. ಅಂದು ಬುಧವಾರ. ಊಟಕ್ಕೆ ಕೂತಾಗ ಗಂಡನ ಎಲೆಯ ಪಕ್ಕದಲ್ಲಿ ಆ ಎರಡು ಕೆಸರಿನ ತುಂಡುಗಳನ್ನು ಉಪ್ಪಿನಕಾಯಿ ಇಡುವ ಹಾಗೆ ಇಟ್ಟು ಬಡಿಸತೊಡಗಿದರು.

ಪರಮಯ್ಯ ನೋಡಿದರು. ಒಂದನ್ನು ಎತ್ತಿ ಮೂಸಿದರು. ಗದ್ದೆಯ ಮನುಷ್ಯ, ಮಣ್ಣು ಯಾವುದೆಂದು ಯಾರೂ ಹೇಳಬೇಕಿರಲಿಲ್ಲ. ಕೈ ತೊಳೆದು ಬಂದು ಮತ್ತೆ ಕೂತು ಕೇಳಿದರು.

"ಬಿಟ್ರೆ ಊರು ಏಳ್ತದಾ?"

"ಗೊತ್ತಿಲ್ಲ, ಪರಮಯ್ಯಣ್ಣ" ಎಂದೆ.

"ಇಷ್ಟು ವರ್ಷ ಉಂಡು ಗೊತ್ತಿಲ್ಲ ಅಂತ್ರಲ್ಲ."

ಅದರಲ್ಲಿ ಸಿಟ್ಟಿತ್ತು. ಇರಬೇಕಾದ್ದೇ. ಏಳಬಹುದು ಎಂದು ನನ್ನ ಲೆಕ್ಕ ಹೇಳುತ್ತದೆ, ಆದರೆ ನೀರು ಬಿಟ್ಟು ನೋಡದೆ ತಿಳಿಯುವುದಿಲ್ಲ, ಬಿಟ್ಟ ಮೇಲೆ ಊರು ಏಳದೇ ಹೋದರೂ ಗದ್ದೆ ಮೊದಲಿನ ಹಾಗೆ ಆಗುವುದು ಕಷ್ಟ ಎಂದೆ. ಮಾಸ್ತಮ್ಮ ಸಾರಿನ ಸೌಟು ಹಿಡಿದು ನಿಂತೇ ಇದ್ದರು. ಪರಮಯ್ಯ ಊಟ ಮುಗಿಸಿದರು, ಎಲೆ ಮಡಿಸಿದರು.

"ಒಂದು ಮಳೆಗಾಲ ಕೊಡ್ತೆ" ಎಂದರು. "ನೋಡಿ ಹೇಳಿ."

ನಮ್ಮ ವಿದ್ಯೆಗೆ ದೊಡ್ಡ ದೊಡ್ಡ ಕಡೆಗಳಿಂದ ನೆರವು ಬಂದದ್ದನ್ನು ನಾನು ಕೇಳಿದ್ದೇನೆ, ಕಂಡಿದ್ದೇನೆ. ಇಂಥದ್ದನ್ನು ಕಂಡಿಲ್ಲ.

ಆ ವರ್ಷ ಅವರು ಸಸಿ ಹಾಕಲಿಲ್ಲ. ಮೊದಲ ಜಡಿಮಳೆಗೆ ನದಿ ಕೆಂಪಾದ ದಿನ ಊರಿನ ಅರ್ಧ ಜನ ಕಟ್ಟೆಯ ಮೇಲೆ ನಿಂತಿದ್ದರು. ಸಹಾಯಕ್ಕೆಂದು ಗಂಡಸರು ಮುಂದಾದಾಗ ಬೇಡವೆಂದು ಕೈಸನ್ನೆ ಮಾಡಿ, ಪರಮಯ್ಯ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಾಗಿಲ ಹಲಗೆಗಳನ್ನು ಒಂದೊಂದಾಗಿ ತಾವೇ ಕಿತ್ತರು. ಕೆನ್ನೀರು ಒಳನುಗ್ಗಿ, ಬದುಗಳನ್ನು ಮುಳುಗಿಸಿ, ಗದ್ದೆಯ ತುಂಬ ಹರಡಿ, ಆಚೆಯ ಜೌಗಿನ ಹುಲ್ಲಿನೊಳಗೆ ಮೆಲ್ಲನೆ ಇಳಿಯಿತು. ಮಾಸ್ತಮ್ಮ ನೋಡಲಾರದೆ ಒಳಗೆ ಹೋದರು. ಅವರ ಹಿಂದೆ ಹೋದವಳು ಸಣ್ಣಿ. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ. ಸಂಜೆಯವರೆಗೆ ಅವಳು ಅಲ್ಲೇ ಇದ್ದಳು.

ಸುಗ್ಗಿಯ ಹೊತ್ತಿಗೆ ಆ ಮನೆಯ ಕಣಜ ಖಾಲಿಯಿತ್ತು. ಊರಿನ ಮನೆಮನೆಯಿಂದ ಅಕ್ಕಿ ಬಂತು. ಪರಮಯ್ಯ ಅದನ್ನು ಮುಟ್ಟಲಿಲ್ಲ, ಚೀಲಗಳನ್ನು ಜಗಲಿಯಿಂದ ಒಳಗೆ ತರಿಸಲಿಲ್ಲ. ಆಗ ಜಟ್ಟಪ್ಪಣ್ಣ ಬಂದು ಜಗಲಿಯ ತುದಿಯಲ್ಲಿ ಕೂತರು. "ಅಂದು ಊರು ಕೇಳ್ತು, ನಿಮ್ಮಜ್ಜ ಕೊಟ್ರು. ಇಂದು ಊರು ಕೇಳ್ತು, ನೀವು ಕೊಟ್ರಿ. ಊರು ಕೊಡೂದು ಕಲಿಯೂದು ಯಾವಾಗ ಪರಮಯ್ಯ?" ಎಂದು ಕೇಳಿದರು. ಪರಮಯ್ಯ ಎದ್ದು, ಒಂದು ಚೀಲವನ್ನು ತಾವೇ ಹೊತ್ತು ಒಳಗಿಟ್ಟರು.

ಆ ಮೊದಲ ವರ್ಷ ಕೆಳಕೇರಿಗೆ ನೀರು ಬರುವುದು ನಿಲ್ಲಲಿಲ್ಲ. ಬಿಳಿ ಗೆರೆಯ ಮೇಲೆ ಮಣ್ಣು ದಪ್ಪವಾಗಿತ್ತು, ಊರು ಮಾತ್ರ ಎಂದಿನಷ್ಟೇ ಏಳುತ್ತಿತ್ತು. ಸುಮ್ಮನೆ ಗದ್ದೆ ಹಾಳಾಯಿತು ಎಂಬ ಗುಸುಗುಸು ನನ್ನ ಕಿವಿಗೂ ಬಿತ್ತು. ನಾನು ಪರಮಯ್ಯನವರ ಬಳಿ ಹೋಗಿ, ಒಂದು ಮಳೆಗಾಲ ಎಂದು ಹೇಳಿದ್ದಿರಿ, ಅದು ಮುಗಿಯಿತು, ಮುಚ್ಚುವುದಾದರೆ ಮುಚ್ಚಬಹುದು, ನನಗಿನ್ನೂ ಏನೂ ಹೇಳಲಾಗುತ್ತಿಲ್ಲ ಎಂದೆ. ಅವರು ಮುಚ್ಚಲು ಹಲಗೆಗಳಿಲ್ಲ ಎಂದರು. ಕಾರ್ಮಿನ ಬಾಯಿಗೆ ಕೋಳಿಗೂಡು ಕಟ್ಟಲು ಮರ ಬೇಕಿತ್ತಂತೆ, ಕೊಟ್ಟುಬಿಟ್ಟಿದ್ದರು. ಇದನ್ನು ಹೇಳುವಾಗ ಅವರು ನಕ್ಕರೋ ಎಂದು ನನಗೆ ಅನುಮಾನ.

ಮೂರನೆಯ ವರ್ಷ ಕಾರ್ತಿಕದ ಅಮಾವಾಸ್ಯೆಯ ಉಬ್ಬರಕ್ಕೆ ಕೆಳಕೇರಿಯವರು ರೂಢಿಯಂತೆ ಅಕ್ಕಿ ಡಬ್ಬಿಗಳನ್ನು ಅಟ್ಟಕ್ಕೆ ಏರಿಸಿದರು. ಸಮುದ್ರ ಬಂತು, ಊರು ಎದ್ದಿತು. ನೀರು ಸಣ್ಣಿಯ ಹೊಸ್ತಿಲಿನಿಂದ ನಾಲ್ಕು ಬೆರಳು ಕೆಳಗೆ ನಿಂತು, ಸ್ವಲ್ಪ ಹೊತ್ತು ಅಲ್ಲೇ ತುಳುಕಾಡಿ, ಹಿಂದೆ ಹೋಯಿತು. ಹೆಂಗಸರು ಬಾಗಿಲಿಗೆ ಬಂದು ಒಣಗಿದ ಮೆಟ್ಟಿಲುಗಳನ್ನು ನೋಡುತ್ತ ನಿಂತರು. ಸಣ್ಣಿಯ ಅತ್ತೆ ಹೊಸ್ತಿಲನ್ನು ಕೈಯಿಂದ ಸವರಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡರು.

ಇದು ಎಂದೆಂದಿಗೂ ಸಾಕು ಎಂದು ನಾನು ಹೇಳಿಲ್ಲ. ಸಮುದ್ರ ಇನ್ನೂ ಏರುತ್ತಿದೆ, ನಾನು ಇನ್ನೂ ಸುಣ್ಣ ಹರಡುತ್ತಿದ್ದೇನೆ. ಸಂಸ್ಥೆಯವರು ಈಚೆಗೆ ಮತ್ತೆ ಕೈ ಹಿಡಿದಿದ್ದಾರೆ. ಉಪಕರಣಗಳು ಬಂದಿವೆ, ಇಬ್ಬರು ಹುಡುಗಿಯರು ಕಲಿಯಲು ಬಂದಿದ್ದಾರೆ, ಈಗ ಕಾರ್ಮಿನ ಬಾಯಿ ಅವರಿಗೆ ಉಪ್ಪಿನಕಾಯಿ ನೆಕ್ಕಿಸುತ್ತಾರೆ. ಎಲ್ಲರಿಗೂ ನಾನು ಋಣಿ. ಸಂಬಳ ಬರುತ್ತಿದೆಯಲ್ಲ, ಇನ್ನು ವಾರಾನ್ನ ಬಿಡುತ್ತೀರಾ ಎಂದು ಜಟ್ಟಪ್ಪಣ್ಣ ಒಮ್ಮೆ ಕೇಳಿದರು. ನೀವು ಬಿಡಿಸಿದರೆ ಬಿಡುತ್ತೇನೆ ಎಂದೆ. ಅವರು ಆಮೇಲೆ ಆ ಮಾತೆತ್ತಲಿಲ್ಲ.

ಹೋದ ತಿಂಗಳು ಒಂದು ಬುಧವಾರ ಊಟ ಮುಗಿಸಿ ನಾನು ಮಾಸ್ತಮ್ಮನ ಅಂಗಳದ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ. ಪರಮಯ್ಯ ಹಿಂದೆ ಗದ್ದೆಯಾಗಿದ್ದ ಜಾಗದಲ್ಲಿ, ಹೊಸದಾಗಿ ಎದ್ದ ಕಾಂಡ್ಲ ಸಸಿಗಳ ನಡುವೆ, ಬಲೆಗೆ ಸಿಕ್ಕ ಕಸ ತೆಗೆಯುತ್ತಿದ್ದರು. ಈಗ ಅಲ್ಲಿ ಏಡಿ, ಸಿಗಡಿ ಚೆನ್ನಾಗಿ ಸಿಗುತ್ತದೆ. ಉಬ್ಬರದ ಹೊತ್ತು. ಇದ್ದಕ್ಕಿದ್ದಂತೆ ಅವರು ಕೈಯ ಕೆಲಸ ಬಿಟ್ಟು ಎರಡೂ ಕಾಲು ಅಗಲಿಸಿ ನಿಂತರು. ಆಮೇಲೆ ಮೆಲ್ಲನೆ ಕುಕ್ಕರುಗಾಲಿನಲ್ಲಿ ಕೂತು, ಗಬ್ಬದ ಹಸುವಿನ ಹೊಟ್ಟೆಯ ಮೇಲೆ ಇಡುವ ಹಾಗೆ ಕೆಸರಿನ ಮೇಲೆ ಅಂಗೈ ಇಟ್ಟರು.

"ಏಯ್, ಇಲ್ಲಿ ಬಾರೆ" ಎಂದು ಹೆಂಡತಿಯನ್ನು ಕರೆದರು.

ಮಾಸ್ತಮ್ಮ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಅಂಗಳದ ಅಂಚಿಗೆ ಹೋದರು. ಅಂಗಳಕ್ಕೂ ಆ ನೆಲಕ್ಕೂ ನಡುವೆ ಒಂದು ಮೆಟ್ಟಿಲಿನಷ್ಟು ಎತ್ತರ ಆಗಲೇ ಮೂಡಿತ್ತು. ತಮಗೆ ಹೆದರಿಕೆ ಎಂದರು. ಪರಮಯ್ಯ ಎದ್ದು ಬಂದು ಕೈ ಚಾಚಿದರು. ಅವರು ಹಿಡಿದುಕೊಂಡು, ನೋಯುವ ಮಂಡಿಯನ್ನು ಬೈಯುತ್ತ, ಹತ್ತಿ ನಿಂತರು. ನೆಲ ಇನ್ನಷ್ಟು ಎದ್ದಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ನಗುತ್ತ, ಬೀಳದಂತೆ ನಿಲ್ಲಲು ನೋಡುತ್ತಿದ್ದರು. ನಾನು ಗಟ್ಟಿ ನೆಲದ ಮೇಲೆ ಕೂತಿದ್ದ ಕಾರಣ ಅವರ ಮುಖ ಕಾಣಲು ತಲೆಯೆತ್ತಿ ನೋಡಬೇಕಾಯಿತು.